ಪಡಸಾಲೆಯೊಳಗಿನ ಕೊಪ್ಪರಿಗೆ

ಸಂಪಗಾಂವದ ವೆಂಕಣ್ಣ ಜೋಶಿಯವರಿಗೆ ಈ ಜಗತ್ತಿನ ಮೇಲೆ ಇದ್ದದ್ದು ಒಂದೇ ಒಂದು ತಕರಾರು: ತಮ್ಮ ಬುದ್ಧಿಗೆ ತಕ್ಕ ಕೆಲಸವನ್ನು ಯಾರೂ ತಮಗೆ ಕೊಡಲಿಲ್ಲ. ಮೂವತ್ತು ವರ್ಷ ಬೈಲಹೊಂಗಲದ ಕಚೇರಿಯಲ್ಲಿ ಕೂತು ಹಳೆಯ ಮೋಡಿ ಲಿಪಿಯ ಕಾಗದಗಳನ್ನು ಓದಿ ಹೇಳಿದರು. ಯಾರ ಹೊಲದ ಬದು ಎಲ್ಲಿ, ಯಾರ ಅಜ್ಜ ಯಾರಿಗೆ ಮಾವಿನ ಗಿಡ ಬರೆದುಕೊಟ್ಟ, ಎಲ್ಲ ಅವರ ಬಾಯಿಂದಲೇ ಹೊರಬರಬೇಕು. ಆ ಗೋಜಲು ಅಕ್ಷರ ನೋಡಿ ಸಾಹೇಬರು ಕೈಚೆಲ್ಲಿದಾಗ ವೆಂಕಣ್ಣನವರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಗಡಗಡ ಓದಿಬಿಡುತ್ತಿದ್ದರು. ಇಂಥ ಮಹಾಪಂಡಿತರಿಗೆ ಪೆನ್ಶನ್ ಆದ ಮೇಲೆ ಹೆಂಡತಿ ಗಂಗೂಬಾಯಿ ಕೊಟ್ಟ ಕೆಲಸವೆಂದರೆ ಶೇಂಗಾ ಸುಲಿಯುವುದು. (ಸುಲಿದದ್ದಕ್ಕಿಂತ ತಿಂದದ್ದೇ ಹೆಚ್ಚು ಎಂಬ ಆರೋಪ ಬೇರೆ.)

ಹೀಗಿರುವಾಗ ಒಂದು ಸೋಮವಾರ ಅವರ ಭಾಗ್ಯದ ಬಾಗಿಲು ತೆರೆಯಿತು. ಮಗಳು ನರ್ಮದಾ ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿ ತವರಿಗೆ ಬಂದಿದ್ದಳು. ಬರುವ ಶುಕ್ರವಾರ ಮನೆಯಲ್ಲಿ ಕುಬಸ, ಅಂದರೆ ಸೀಮಂತ. ಮುನವಳ್ಳಿಯಿಂದ ಬೀಗರ ಕಡೆಯ ಹೆಣ್ಣುಮಕ್ಕಳು ಬರುವವರಿದ್ದರು. ಒಳ್ಳೆಯ ಗಳಿಗೆ ನೋಡೋಣವೆಂದು ವೆಂಕಣ್ಣನವರು ಅಟ್ಟದ ಮೇಲಿನ ಅಜ್ಜನ ಪಂಚಾಂಗದ ಗಂಟು ಬಿಚ್ಚಿದರು. ಅದರೊಳಗಿಂದ ಒಂದು ಹಳದಿ ಚೀಟಿ ಜಾರಿ ಬಿತ್ತು. ಅಜ್ಜ ಕೃಷ್ಣಾಜಿಪಂತರ ಕೈಬರಹ, ಮೋಡಿ ಲಿಪಿ, ನಾಲ್ಕು ಸಾಲಿನ ಪದ್ಯ.

ತಲಬಾಗಿಲ ದಾಟಿ ಇಟ್ಟೆ ಏಳು ಹೆಜ್ಜಿ,
ನಡುಗಂಬದ ಮೂಡಲಕ ಘಲ್ಲಂತು ಗೆಜ್ಜಿ,
ದೀಪ ಹಿಡಿದು ನೋಡಿದರ ಕೊಪ್ಪರಿಗಿ ಹೊನ್ನು,

ನಾಲ್ಕನೆಯ ಸಾಲಿನ ಜಾಗದಲ್ಲಿ ಬರಿ ಒಂದು ಗೆರೆ ಎಳೆದು ಬಿಟ್ಟಿತ್ತು.

ವೆಂಕಣ್ಣನವರು ಚೀಟಿಯನ್ನು ಮೂರು ಸಲ ಓದಿದರು. ಕೃಷ್ಣಾಜಿಪಂತರೆಂದರೆ ಮುಖದ ಮೇಲೆ ನಗೆ ಸುಳಿಯದ ಮನುಷ್ಯ, ಜನ್ಮದಲ್ಲಿ ಪಂಚಾಂಗ ಬಿಟ್ಟು ಬೇರೇನೂ ಬರೆದವರಲ್ಲ. ಅಂಥವರು ಪದ್ಯ ಬರೆದಿದ್ದಾರೆಂದರೆ ಅದರಲ್ಲಿ ದ್ರವ್ಯವಿಲ್ಲದೆ ಇನ್ನೇನಿರಲು ಸಾಧ್ಯ? ಮೊದಲ ಸಾಲು ಅಳತೆ, ಎರಡನೆಯದು ದಿಕ್ಕು, ಮೂರನೆಯದು ಮಾಲು. ನಾಲ್ಕನೆಯ ಸಾಲು ಖಾಲಿ ಯಾಕೆ? ಅದಕ್ಕೂ ಅವರಲ್ಲಿ ಉತ್ತರ ಸಿದ್ಧವಿತ್ತು: ಎಷ್ಟು ಹೊನ್ನೆಂಬುದನ್ನು ಬರೆದಿಟ್ಟರೆ ಕಳ್ಳರಿಗೆ ಕರೆಯೋಲೆ ಕೊಟ್ಟಂತಲ್ಲವೇ? ಅಜ್ಜನ ಜಾಣತನಕ್ಕೆ ಮೊಮ್ಮಗನ ಕಣ್ಣು ತುಂಬಿ ಬಂತು.

ಇದು ಬರಿ ಆಸೆಬುರುಕತನವೆಂದು ಯಾರೂ ತಿಳಿಯಬಾರದು. ನರ್ಮದಾಳ ಮದುವೆಯಲ್ಲಿ ಅವಳ ಕೈಗೆ ಬಂಗಾರದ ಪಾಟಲಿ ಹಾಕಲು ಅವರಿಂದ ಆಗಿರಲಿಲ್ಲ. ಹಸಿರು ಗಾಜಿನ ಬಳೆಯಲ್ಲೇ ಮಗಳನ್ನು ಕಳಿಸಿದ್ದರು. ಆಕೆ ಒಂದು ಮಾತೂ ಆಡಲಿಲ್ಲ, ಬೀಗತಿ ಕಮಲಾಬಾಯಿಯವರೂ ಆಡಲಿಲ್ಲ. ಆಡದೆ ಇದ್ದದ್ದೇ ವೆಂಕಣ್ಣನವರಿಗೆ ಚುಚ್ಚುತ್ತಿತ್ತು. ಈ ಶುಕ್ರವಾರ ಮುನವಳ್ಳಿಯವರ ಕಣ್ಣೆದುರಿಗೇ ಮಗಳ ಎರಡೂ ಕೈಗೆ ಪಾಟಲಿ ಹಾಕಿ, ಅಪ್ಪ ಅನ್ನಿಸಿಕೊಳ್ಳಬೇಕೆಂದು ಅವರಿಗೆ ಬಹಳ ಆಸೆಯಿತ್ತು.

ಮಂಗಳವಾರ ಗಂಗೂಬಾಯಿ ಮಗಳನ್ನು ಕರೆದುಕೊಂಡು ಹಸಿರು ಸೀರೆ ತರಲು ಬೈಲಹೊಂಗಲದ ಬಸ್ಸು ಹತ್ತಿದರು. ಬಸ್ಸಿನ ಧೂಳು ಅಡಗುವ ಮೊದಲೇ ವೆಂಕಣ್ಣನವರು ಬೀದಿಯ ಆಚೆಯ ಶಟ್ಟೆಪ್ಪನ ಮನೆಯಲ್ಲಿ ಗುದ್ದಲಿ, ಸಲಿಕೆ, ಹಾರೆ ಕೇಳುತ್ತ ನಿಂತಿದ್ದರು.

"ಜ್ವಾಳಾ ತುಂಬಾಕ ಹಗೇವು ತೋಡಾಕ ಹತ್ತೀರೇನ್ರಿ ರಾಯರ?" ಎಂದು ಶಟ್ಟೆಪ್ಪ ಕೇಳಿದ. "ನಾ ಬರಲೇನ್ರಿ? ನಿಮ್ಮ ಕೈ ಬೊಬ್ಬಿ ಬಂದಾವು."

"ಬ್ಯಾಡೋ ಮಾರಾಯ. ಇದು ಸಂಶೋಧನ ಕಾರ್ಯ. ಶಾಸ್ತ್ರ ತಿಳದವರs ಮಾಡಬೇಕು."

"ಹೌದ್ರಿ? ಮತ್ತ ಗುದ್ದಲಿ ಹಿಡಿಯೂದು ಆ ಕಡಿಂದ ಅಲ್ರಿ, ಈ ಕಡಿಂದ."

ತಲಬಾಗಿಲಿಂದ ಏಳು ಹೆಜ್ಜೆ ಎಣಿಸಿದರೆ ನೇರ ಪಡಸಾಲೆಯ ನಡುಗಂಬದ ಬುಡ. ಅದರ ಮೂಡಲ ಬದಿಗೆ ಒನಕೆಯಿಂದ ಕುಟ್ಟಿದರು. ಘಲ್! ಪದ್ಯದಲ್ಲಿ ಹೇಳಿದ ಹಾಗೆಯೇ ಘಲ್! (ಆ ಸಪ್ಪಳ ಬಂದದ್ದು ಗೋಡೆಯಾಚೆಯ ಅಡುಗೆಮನೆಯ ಹಿತ್ತಾಳೆ ಪಾತ್ರೆಗಳಿಂದ. ಆದರೆ ಪಂಡಿತರಾದವರು ಇಂಥ ಸಣ್ಣ ವಿಷಯಕ್ಕೆ ಗಮನ ಕೊಡುವುದಿಲ್ಲ.) ಗಂಗೂಬಾಯಿ ಸಗಣಿ ಸಾರಿಸಿ ಕನ್ನಡಿಯಂತೆ ಮಾಡಿಟ್ಟಿದ್ದ ನೆಲಕ್ಕೆ ಮೊದಲ ಏಟು ಬಿತ್ತು.

ಸಂಜೆ ಬಸ್ಸಿಳಿದು ಬಂದ ಗಂಗೂಬಾಯಿ ಹೊಸ್ತಿಲಲ್ಲೇ ನಿಂತುಬಿಟ್ಟರು. ಪಡಸಾಲೆಯ ನಡುವೆ ಮೊಳಕಾಲುದ್ದದ ತಗ್ಗು, ಅದರೊಳಗೆ ಪಂಚೆ ಎತ್ತಿ ಕಟ್ಟಿದ ಗಂಡ.

"ಅಯ್ಯs ನನ್ನ ಕರ್ಮವ! ಇದೇನ್ರಿ ಇದು? ಶುಕ್ರವಾರ ನಲವತ್ತು ಮಂದಿ ಹೆಣಮಕ್ಕಳು ಇಲ್ಲೇ ಕೂಡಬೇಕು!"

"ಒದರಬ್ಯಾಡ. ಬಾಗಿಲಾ ಹಾಕು. ನಮ್ಮಜ್ಜ ಕೊಪ್ಪರಿಗಿ ಹೊನ್ನು ಹೂತಿಟ್ಟಾನ."

"ನಿಮ್ಮಜ್ಜ? ಎರಡನೇ ಧೋತರ ಇಲ್ಲದs ಸತ್ತವರು ಹೊನ್ನು ಹೂತಿಟ್ಟಾರ?"

"ಅದs ಪುರಾವೆ! ಎಲ್ಲಾ ಹೂತಿಟ್ಟಿದ್ದಕ್ಕs ಧೋತರಕ್ಕ ಉಳೀಲಿಲ್ಲ."

ಈ ತರ್ಕ ಕೇಳಿ ಗಂಗೂಬಾಯಿ ಸೀರೆಯ ಗಂಟನ್ನು ಕೆಳಗಿಟ್ಟರು. ಆಮೇಲೆ ಕೈ ಚಾಚಿದರು. "ಎಲ್ಲಿ, ಆ ಕಾಗದ ತೋರಿಸ್ರಿ. ಏನು ಬರದದ, ಓದಿ ಹೇಳ್ರಿ."

"ಛೇ ಛೇ! ದ್ರವ್ಯದ ಪದ್ಯ ಹೆಣಮಕ್ಕಳ ಕಿವಿಗೆ ಬಿತ್ತಂದ್ರ ಹೊನ್ನೆಲ್ಲಾ ಇದ್ದಲಿ ಆಗತದ. ಶಾಸ್ತ್ರದಾಗ ಅದ." (ಯಾವ ಶಾಸ್ತ್ರವೆಂದು ಕೇಳಿದ್ದರೆ ಅವರು ತೊಂದರೆಗೆ ಬೀಳುತ್ತಿದ್ದರು.) ಆಮೇಲೆ ದನಿ ಇಳಿಸಿ ಹೇಳಿದರು: "ನಮ್ಮ ನರ್ಮದಾಗ ಪಾಟಲಿ ಮಾಡಸೋಣಲ್ಲ. ಬರೇ ಗಾಜಿನ ಬಳಿ ಹಾಕ್ಕೊಂಡು ಎಷ್ಟ ದಿವಸ ತಿರಗತಾಳ ಕೂಸು?"

ಪಾಟಲಿಯ ಮಾತು ಬಂದೊಡನೆ ಗಂಗೂಬಾಯಿಯ ಸಿಟ್ಟು ಅರ್ಧ ಇಳಿಯಿತು. ಆ ಕೊರಗು ಆಕೆಗೂ ಇತ್ತು. "ಶುಕ್ರವಾರ ಬೆಳಗಾಗೂದರಾಗ ತಗ್ಗು ಮುಚ್ಚಿ, ನೆಲಾ ಸಾರಿಸಿ ಕೊಡಬೇಕು. ಇಲ್ಲಂದ್ರ ನೋಡ್ರಿ ಮತ್ತ!" ಎಂದು ಸೆರಗು ಸಿಕ್ಕಿಸಿ ಒಳಗೆ ಹೋದರು.

ಬುಧವಾರ ಒಂದು ಒಡೆದ ಗಡಿಗೆಯ ಚೂರು ಸಿಕ್ಕಿತು. ವೆಂಕಣ್ಣನವರು ಅದನ್ನು ತೊಳೆದು, ಒರೆಸಿ, ಕೊಪ್ಪರಿಗೆಯ ಮುಚ್ಚಳವೆಂದು ಸಾರಿದರು. ಗುರುವಾರ ಒಂದು ತುಕ್ಕು ಹಿಡಿದ ಲಾಳ ಸಿಕ್ಕಿತು, ಅದು ಹೊನ್ನು ಹೊತ್ತು ತಂದ ಕುದುರೆಯದು. ತಗ್ಗು ಎದೆಮಟ್ಟಕ್ಕೆ ಇಳಿಯಿತು, ವಿಶ್ವಾಸ ಮಾತ್ರ ನೆತ್ತಿಯ ಮೇಲಕ್ಕೆ ಏರಿತು. ನರ್ಮದಾ ಪಾಪ, ಊಟಕ್ಕೆ ಕರೆಯಲು ಬಂದವಳು ತಗ್ಗಿನ ಅಂಚಿನಲ್ಲಿ ನಿಂತು, "ಅಪ್ಪಾ, ನನಗ ಪಾಟಲಿ ಗೀಟಲಿ ಏನೂ ಬ್ಯಾಡ, ಮ್ಯಾಲೆ ಬರ್ರಿ" ಎಂದು ಅಂಗಲಾಚಿದಳು. "ನೀ ಕೈ ಅಳತಿ ಕೊಡವಾ, ಉಳದದ್ದು ನನಗ ಬಿಡು" ಎಂದರು ಅಪ್ಪ.

ಶುಕ್ರವಾರ ಬೆಳಗಾಯಿತು. ಇನ್ನೇನು ಹಿತ್ತಲಲ್ಲಿ ರಾಶಿ ಹಾಕಿದ್ದ ಮಣ್ಣು ತಂದು ಮುಚ್ಚಬೇಕು, ಅಷ್ಟರಲ್ಲಿ ಹಾರೆ ಯಾವುದಕ್ಕೋ ತಾಗಿ ಠಣ್ಣೆಂದಿತು. ಮುಚ್ಚುವ ಮಾತೇ ಮುಗಿಯಿತು. ವೆಂಕಣ್ಣನವರು ತಗ್ಗಿನೊಳಗೆ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆರೆಯತೊಡಗಿದರು. ಹೊರಗೆ ಹೆಣ್ಣುಮಕ್ಕಳ ಮಾತು, ಬಳೆಗಳ ಸದ್ದು ಕೇಳಿಸಿತು. ಮಧ್ಯಾಹ್ನದ ಬಸ್ಸಿಗೆ ಬರಬೇಕಾದ ಮುನವಳ್ಳಿಯವರು ಮೊದಲನೆಯ ಬಸ್ಸಿಗೇ ಬಂದಿಳಿದಿದ್ದರು!

"ಏಳ್ರಿ! ಏಳ್ರಿ ಮ್ಯಾಲೆ!" ಗಂಗೂಬಾಯಿ ಒಳಗಿನಿಂದ ಓಡಿಬಂದರು.

"ಹಾರಿ ತಾಮ್ರಕ್ಕ ತಾಕೇದ! ಎರಡs ನಿಮಿಷ ತಡಿ."

"ಬೀಗತಿಯವರು ಕಟ್ಟಿ ಹತ್ಲಿಕ್ಕೆ ಹತ್ಯಾರ್ರಿ!"

ಮೈತುಂಬ ಮಣ್ಣು, ಹರಿದ ಪಂಚೆ. ಹೀಗೆ ಬೀಗತಿಯ ಎದುರು ಓಡುವುದಾದರೂ ಹೇಗೆ? ಗಂಗೂಬಾಯಿ ಹಿಂದುಮುಂದು ನೋಡದೆ ಗೋಡೆಗೆ ಆನಿಸಿಟ್ಟಿದ್ದ ತೇಗಿನ ಹಲಗೆಗಳನ್ನು ದರದರ ಎಳೆದು ತಗ್ಗಿನ ಮೇಲೆ ಹಾಸಿ, ಅದರ ಮೇಲೆ ಜಮಖಾನೆ ಬಿಡಿಸಿಬಿಟ್ಟರು. ಕೆಳಗಿನಿಂದ "ಏ, ಏ, ದೀಪಾ ಆದರೂ ಕೊಡು" ಎಂಬ ದನಿ ಬಂತು. ಆಕೆ ಕಾಲಿನಿಂದ ಹಲಗೆಯನ್ನು ಒಮ್ಮೆ ಕುಟ್ಟಿದ ಮೇಲೆ ಸುಮ್ಮನಾಯಿತು.

ಮನೆ ತುಂಬಿತು. ನರ್ಮದಾಳನ್ನು ಹಸಿರು ಸೀರೆ ಉಡಿಸಿ ಗೋಡೆಯ ಬದಿಯ ಕುರ್ಚಿಯಲ್ಲಿ ಕೂಡಿಸಿದರು. ಬೀಗತಿ ಕಮಲಾಬಾಯಿಯವರು ಗೌರವದಲ್ಲೂ ಗಾತ್ರದಲ್ಲೂ ದೊಡ್ಡವರು. ಅವರು ನೇರ ಬಂದು ಜಮಖಾನೆಯ ನಟ್ಟನಡುವೆ ಕೂತರು. ಹಲಗೆ ಕಿರ್ರೆಂದು ಬಾಗಿ ಒಂದು ಹಿಡಿ ಮಣ್ಣು ವೆಂಕಣ್ಣನವರ ಬೋಳುತಲೆಯ ಮೇಲೆ ಉದುರಿತು. ಅವರು ಮೂಗು ಹಿಡಿದುಕೊಂಡು ಸೀನು ನುಂಗಿದರು. ಆದರೂ ಮನಸ್ಸು ಕುಂದಿರಲಿಲ್ಲ. ಕತ್ತಲಲ್ಲಿ ಕೈಯಾಡಿಸಿ ನೋಡಿದರು. ತಾಮ್ರವೆಂದುಕೊಂಡದ್ದು ಕಂಬದ ಬುಡದ ಕಲ್ಲಾಗಿತ್ತು. ಸರಿ, ಕೊಪ್ಪರಿಗೆ ಕಲ್ಲಿನ ಕೆಳಗಿರಬೇಕು, ಅಜ್ಜ ಭದ್ರವಾಗಿಯೇ ಇಟ್ಟಿದ್ದಾರೆ ಎಂದುಕೊಂಡರು.

ಆರತಿಯಾಯಿತು, ಹಾಡಾಯಿತು. ಆಮೇಲೆ ಎಲ್ಲರೂ ಕಾಯುತ್ತಿದ್ದ ಆಟ ಬಂತು, ಗಂಡನ ಹೆಸರು ಹೇಳುವುದು. ಗರತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಅನ್ನುವಂತಿಲ್ಲ. ಒಂದು ಒಡಪು ಕಟ್ಟಿ, ಅದರ ಕೊನೆಯ ಸಾಲಿನಲ್ಲಿ ನಾಚುತ್ತ ಹೇಳಬೇಕು. ಹಿರಿಯಳೆಂದು ಮೊದಲು ನೆರೆಮನೆಯ ಸುಂದರವ್ವನನ್ನು ಎಬ್ಬಿಸಿದರು. ಎಪ್ಪತ್ತು ದಾಟಿದ ಮುದುಕಿ ಸೆರಗು ಸರಿಮಾಡಿಕೊಂಡು ಎದ್ದು ನಿಂತು ಶುರು ಮಾಡಿದಳು:

"ತಲಬಾಗಿಲ ದಾಟಿ ಇಟ್ಟೆ ಏಳು ಹೆಜ್ಜಿ, ನಡುಗಂಬದ ಮೂಡಲಕ ಘಲ್ಲಂತು ಗೆಜ್ಜಿ..."

ತಗ್ಗಿನೊಳಗೆ ವೆಂಕಣ್ಣನವರು ಹಲಗೆಗೆ ಕಿವಿ ಹಚ್ಚಿದರು.

"ದೀಪ ಹಿಡಿದು ನೋಡಿದರ ಕೊಪ್ಪರಿಗಿ ಹೊನ್ನು, ಹೊನ್ನಿಗಿಂತ ಹೆಚ್ಚು ನಮ್ಮ ದುಂಡಪ್ಪನವರ ಕಣ್ಣು!"

ಎಲ್ಲರೂ ಹೋ ಎಂದು ನಕ್ಕರು. ಸುಂದರವ್ವ ಹಲ್ಲಿಲ್ಲದ ಬಾಯಿಂದ ತಾನೂ ನಕ್ಕು, "ಇದು ಈ ಮನೀದs ಒಡಪು ಐತ್ರಿ. ಗಂಗವ್ವ ರಾಮದುರ್ಗದಾಕಿ, ಆಕಿಗಿ ಇದರ ಕಥಿ ಗೊತ್ತಿಲ್ಲ. ಈಕಿ ಗಂಡನ ಅಜ್ಜಿ ಲಗ್ನದಾಗ ಬಾಯಿ ಕಟ್ಟಿ ನಿಂತಿದ್ಲಂತ. ಆಗ ಕೃಷ್ಣಾಜಿಪಂತರು ತಾವs ಚೀಟಿ ಬರದು ಕಳ್ಳತನದಿಂದ ಕಳಿಸಿದ್ರಂತ. ಕಡೀ ಸಾಲಿನ್ಯಾಗ ತಮ್ಮ ಹೆಸರು ತಾವs ಬರಿಯಾಕ ನಾಚಿಕಿ ಆಗಿ ಗೆರಿ ಹೊಡದು ಬಿಟ್ಟಿದ್ರಂತ! ಈಗ ಸಂಪಗಾಂವದ ಓಣಿ ಓಣಿಗೂ ಇದ ಒಡಪು" ಎಂದಳು.

ಮದುವೆ ಮುಂಜಿವೆಗಳಲ್ಲಿ ಹೆಣ್ಣುಮಕ್ಕಳು ಹೆಸರು ಹೇಳುವ ಹೊತ್ತಿಗೆ ವೆಂಕಣ್ಣನವರು ಯಾವಾಗಲೂ ಮಂತ್ರ ತಪ್ಪಿದ ಭಟ್ಟರೊಡನೆ ವಾದಕ್ಕೆ ನಿಂತಿರುತ್ತಿದ್ದರು. ಮೂವತ್ತು ವರ್ಷ ಲಿಪಿ ಓದಿದ ಪಂಡಿತರಿಗೆ ಓಣಿಯ ಒಡಪು ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ನಾಲ್ಕು ದಿನದಲ್ಲಿ ಮೊದಲ ಸಲ ಅವರಿಗೆ ಕೈಯ ಬೊಬ್ಬೆಗಳು ಉರಿದವು. ಮಗಳ ಪಾಟಲಿ ಹೋಯಿತಲ್ಲ ಎಂದು ನಿಜವಾಗಿಯೂ ಸಂಕಟವಾಯಿತು.

ಮೇಲೆ ಗಂಗೂಬಾಯಿಗೂ ಎಲ್ಲ ತಿಳಿಯಿತು. ನಾಲ್ಕು ದಿನದಿಂದ ಈ ಮನುಷ್ಯ "ಏಳು ಹೆಜ್ಜಿ, ಏಳು ಹೆಜ್ಜಿ" ಎಂದು ಗೊಣಗುತ್ತಿದ್ದುದು ಇದನ್ನೇ! ಆಕೆಯ ಮುಖ ಕೆಂಪಾಯಿತು. ಅಷ್ಟರಲ್ಲಿ ಕಮಲಾಬಾಯಿಯವರು ಜಮಖಾನೆಯ ಮೇಲೆ ಇನ್ನಷ್ಟು ಭದ್ರವಾಗಿ ಕೂತು, "ಇನ್ನ ಗಂಗೂಬಾಯಿಯವರು ಹೆಸರ ಹೇಳ್ಲಿ. ಆಮ್ಯಾಲೆ ನಮಗ ಆ ಠೇವು ತೋರಿಸ್ರಿ. ಅದಕ್ಕs ನಾವು ಮೊದಲನೇ ಬಸ್ಸಿಗೆ ಬಂದೇವಿ" ಎಂದರು.

"ಠೇವು? ಯಾವ ಠೇವು?"

"ಅಯ್ಯ, ಬೀಗರು ಕಾರ್ಡು ಬರದಾರಲ್ರಿ! 'ಕುಬಸದ ದಿವಸ ನಮ್ಮ ಮನೆತನದ ಹಿರಿಯರು ಭೂಮಿಯೊಳಗೆ ಕಾಯ್ದಿಟ್ಟ ದ್ರವ್ಯದ ಠೇವನ್ನು ತಮಗೆ ತೋರಿಸಲಾಗುವುದು' ಅಂತ."

(ಈ ಕಾರ್ಡಿನ ಸಂಗತಿಯನ್ನು ವೆಂಕಣ್ಣನವರು ಹೆಂಡತಿಗೆ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ, ಇಲ್ಲದಿದ್ದರೆ ನಾನು ನಿಮಗೆ ಆಗಲೇ ಹೇಳಿಬಿಡುತ್ತಿದ್ದೆ.)

ಗಂಗೂಬಾಯಿ ಜಮಖಾನೆಯ ಹತ್ತಿರ ಬಂದರು. ಮುಚ್ಚಿಡುವುದಕ್ಕೆ ಇನ್ನು ಏನೂ ಉಳಿದಿರಲಿಲ್ಲ. "ಬೀಗತಿಯವರ, ಸ್ವಲ್ಪ ಈಚೆ ಸರೀರಿ" ಎಂದರು. ಜಮಖಾನೆ ಸುತ್ತಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮದುಮಗಳ ಹಾಗೆ ತಲೆ ತಗ್ಗಿಸಿ, ಸ್ಪಷ್ಟವಾದ ದನಿಯಲ್ಲಿ ಹೇಳಿದರು:

"ತಲಬಾಗಿಲ ದಾಟಿ ಇಟ್ಟೆ ಏಳು ಹೆಜ್ಜಿ,
ನಡುಗಂಬದ ಮೂಡಲಕ ಘಲ್ಲಂತು ಗೆಜ್ಜಿ,
ದೀಪ ಹಿಡಿದು ನೋಡಿದರ ಇಲ್ಲ ಎಲ್ಲೂ ಹೊನ್ನು,
ನಾಕು ದಿನ ಅಗದು ನಮ್ಮ ವೆಂಕಣ್ಣರಾಯರು ಮುಕ್ಕಿದರು ಮಣ್ಣು!"

ಹಾಗೆಂದವರೇ ಹಲಗೆ ಎತ್ತಿದರು.

ನಲವತ್ತು ಮಂದಿ ಹೆಣ್ಣುಮಕ್ಕಳು ತಗ್ಗಿನ ಸುತ್ತ ಬಗ್ಗಿ ನೋಡಿದರು. ನರ್ಮದಾ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಳು. ಒಳಗಿದ್ದ ವೆಂಕಣ್ಣನವರು ಕಣ್ಣು ಕುಕ್ಕುವ ಬೆಳಕಿನಲ್ಲಿ ನೆಟ್ಟಗೆ ಎದ್ದು ನಿಂತರು. ಮೀಸೆಯ ಮಣ್ಣು ಒರೆಸಿಕೊಂಡು, ಕಚೇರಿಯ ಗತ್ತಿನಲ್ಲಿ ಕೈ ಜೋಡಿಸಿದರು.

"ನಮಸ್ಕಾರ್ರಿ ಬೀಗತಿಯವರ. ಪ್ರಯಾಣ ಸುಖ ಆತೇನ್ರಿ?"

ಕಮಲಾಬಾಯಿಯವರು ಸೊಂಟದ ಮೇಲೆ ಕೈಯಿಟ್ಟು ಬೀಗರನ್ನು ತಲೆಯಿಂದ ಎದೆಯವರೆಗೆ, ಅಂದರೆ ಕಾಣುವಷ್ಟನ್ನು, ಸಾವಕಾಶವಾಗಿ ನೋಡಿದರು. ಆಮೇಲೆ ಗಂಗೂಬಾಯಿಯ ಕಡೆ ತಿರುಗಿದರು.

"ಛಲೋ ಅದರೀ ಠೇವು. ಹಿರಿಯರು ಇಟ್ಟದ್ದು, ಮಂದಿ ಕಣ್ಣು ಬಿದ್ದೀತು. ಮತ್ತ ಮುಚ್ಚಿಬಿಡ್ರಿ."

ಗಂಗೂಬಾಯಿ ಹಲಗೆ ಎಳೆದರು, ಜಮಖಾನೆ ಹಾಸಿದರು. ಮುನವಳ್ಳಿಯವರ ಊಟ ಮುಗಿದು, ಎಲೆ ಅಡಿಕೆಯಾಗಿ, ಸಂಜೆಯ ಬಸ್ಸಿಗೆ ಅವರೆಲ್ಲ ಹೊರಡುವತನಕ ವೆಂಕಣ್ಣನವರು ಅಲ್ಲೇ ಇದ್ದರು.