ಅಗ್ರಿಪ್ಪನ ವಂಶದ ನಮ್ಮ ಭಾವ

ನನ್ನ ಹೆಂಡತಿಯ ಅಣ್ಣ ರೋಮನರ ವಂಶದವರು. ಇದನ್ನು ನಾನು ಹೇಳುತ್ತಿಲ್ಲ; ಉಪ್ಪಿನಂಗಡಿಯಲ್ಲಿ ಹುಟ್ಟಿ, ರಿಯಾದಿನ ಒಲಾಯಾದಲ್ಲಿ ಏಸಿ ಮಾರುವ ಕಂಪನಿಯೊಂದರ ಗುಮಾಸ್ತರಾಗಿರುವ ಅವರೇ ಹೇಳುತ್ತಾರೆ. ಆಧಾರ? ಅವರು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂದಿತ್ತು!

ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಬೆನ್ನಿನ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಹಾಗಾಗಿ ಶುಕ್ರವಾರದ ನಮಾಜು ಮುಗಿದರೆ ರಿಯಾದಿನ ಮಲಾಜ್ ಬಡಾವಣೆಯ ನಮ್ಮ ಫ್ಲ್ಯಾಟಿನ ಕಾರ್ಪೆಟ್ಟಿನ ಮೇಲೆ ಊರಿನವರು ಸಾಲಾಗಿ ಬೋರಲು ಮಲಗುತ್ತಿದ್ದರು. ಭಾವ ಲುಂಗಿ ಎತ್ತಿ ಕಟ್ಟಿ ತುಳಿಯುತ್ತಾ ಹೋಗುತ್ತಿದ್ದರು. ಒಮ್ಮೆ ಅವರ ಕಫೀಲನೇ, ಅಂದರೆ ವೀಸಾ ಕೊಟ್ಟ ಧಣಿಯೇ, ಸೊಂಟ ಹಿಡಿದುಕೊಂಡು ಬಂದು "ಯಲ್ಲಾ, ಶುರುಮಾಡು" ಎಂದು ಮಲಗಿದ. ಅವನೇ ಭಾವನ ಇಕಾಮಾ, ಅಲ್ಲಿ ವಾಸಿಸುವ ಪರವಾನಗಿ, ನವೀಕರಿಸಬೇಕಾದ ತಿಂಗಳು ಬೇರೆ. ಭಾವ ಹೆಬ್ಬೆರಳನ್ನಷ್ಟೇ ತಾಗಿಸಿ ಕ್ಷಮೆ ಕೇಳಿದರು.

ಇಂಥವರಿಗೆ ಇಂಟರ್ನೆಟ್ಟಿನಲ್ಲಿ ಅಗ್ರಿಪ್ಪ ಸಿಕ್ಕಿದರೆ ಕೇಳಬೇಕೇ? ಪ್ರಾಚೀನ ರೋಮಿನಲ್ಲಿ ಕಾಲು ಮುಂದಾಗಿ ಹುಟ್ಟಿದ ಗಂಡುಮಗುವಿಗೆ ಇಡುತ್ತಿದ್ದ ಹೆಸರಂತೆ ಅದು. ಮೊದಲು ಅದು ವ್ಯಕ್ತಿಯ ಹೆಸರಾಗಿತ್ತು, ಆಮೇಲೆ ಮನೆತನದ ಹೆಸರಾಯಿತಂತೆ. ಸೇನಾಪತಿಗಳು, ರಾಜರು ಇಟ್ಟುಕೊಂಡರಂತೆ. ಹೆಣ್ಣಾದರೆ ಅಗ್ರಿಪ್ಪಿನಾ.

"ಈಗಿನ ವಿದ್ವಾಂಸರಿಗೆ ಆ ಅರ್ಥದ ಬಗ್ಗೆ ಅನುಮಾನ ಉಂಟಂತಲ್ಲ ಭಾವ?" ಎಂದೆ.

"ಅವರೆಲ್ಲ ತಲೆ ಮುಂದಾಗಿ ಹುಟ್ಟಿದವರು ಮಾರಾಯ. ಅವರಿಗೆ ಎಂತ ಗೊತ್ತು?"

ನನ್ನ ಹೆಂಡತಿಯ ಹೊಟ್ಟೆಯಲ್ಲಿರುವ ಮಗುವಿನ ಕಾಲು ಕೆಳಗಿದೆ, ಆಪರೇಷನ್ ಮಾಡಬೇಕು ಎಂದು ಡಾಕ್ಟರು ಹೇಳಿದ ದಿನ ನಾನು ಆ ಮಾತನ್ನು ಮತ್ತೆ ಮತ್ತೆ ಹೇಳಿಸಿ ಕೇಳಿಕೊಂಡೆ. ಭಾವ ಅಕ್ಕಪಕ್ಕದ ಫ್ಲ್ಯಾಟುಗಳಿಗೆಲ್ಲ ಖರ್ಜೂರ ಹಂಚಿದರು.

"ಹೆಸರು ರೆಡಿ ಉಂಟು," ಎಂದರು.

"ಆ ಹೆಸರು ಇಟ್ಟರೆ ಇಂಡಿಯನ್ ಸ್ಕೂಲಿನ ಮಕ್ಕಳು ಅವನನ್ನು ಬಾಳಲಿಕ್ಕೆ ಬಿಡ್ತಾರಾ ಅಣ್ಣ?" ಎಂದಳು ಅವಳು.

ಆಪರೇಷನ್ನಿಗೆ ಗೊತ್ತು ಮಾಡಿದ ದಿನ ಇನ್ನೂ ಬಂದಿರಲಿಲ್ಲ. ಇಡೀ ರಿಯಾದ್ ಧೂಳಿನ ಬಿರುಗಾಳಿಯಲ್ಲಿ ಹಳದಿಯಾಗಿದ್ದ ಒಂದು ಮಧ್ಯಾಹ್ನ ಅವಳ ಹೊಟ್ಟೆಯ ನೀರಿನ ಚೀಲ ಒಡೆಯಿತು. ಭಾವ ಕಾರು ಓಡಿಸಿದರು. ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಒಮ್ಮೊಮ್ಮೆ ಅದೂ ಇಲ್ಲ. ಹಿಂದಿನ ಸೀಟಿನಲ್ಲಿ ಅವಳು ನನ್ನ ಮಣಿಕಟ್ಟನ್ನು ಹಿಡಿದ ಹಿಡಿತ ಈಗಲೂ ಊಟದ ನಡುವೆ ನೆನಪಾಗುತ್ತದೆ.

"ಹೆದರಬೇಡ, ಈ ಅಗ್ರಿಪ್ಪ ಇದ್ದಾನಲ್ಲ..." ಎಂದು ಭಾವ ಶುರುಮಾಡಿದರು.

"ಬಾಯಿ ಮುಚ್ಚು ಅಣ್ಣ. ಕಾಲು ಹೊರಗೆ ಬರ್ತಾ ಉಂಟು."

ಭಾವ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಸ್ಪತ್ರೆಯವರು ಸ್ಟ್ರೆಚರ್ ತಳ್ಳಿಕೊಂಡು ಓಡಿದರು. ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ಮಲಯಾಳಿ ನರ್ಸ್ ಹೇಳಿದಳು. ಬಾಗಿಲು ಮುಚ್ಚಿತು. ಆ ಮುಚ್ಚಿದ ಬಾಗಿಲಿನ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ, ಈಗಲೂ ಕೆಲವು ದಿನ ಅಲ್ಲೇ ನಿಂತಿರುತ್ತೇನೆ.

ಕೊನೆಗೆ ನರ್ಸ್ ಹೊರಗೆ ಬಂದು, "ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ," ಎಂದಳು. ನಾನು ಅಗ್ರಿಪ್ಪಿನಾ ಕೇಳಿಸಿಕೊಳ್ಳಲು ಸಿದ್ಧನಾದೆ. ಭಾವ ಹೆಸರೆತ್ತಲಿಲ್ಲ. ಗೋಡೆಯ ಕಡೆ ತಿರುಗಿ ಊರಿಗೆ, ತಮ್ಮ ಉಮ್ಮನಿಗೆ ಫೋನು ಮಾಡಿದರು. ಮಗಳೂ ಮೊಮ್ಮಗಳೂ ಕ್ಷೇಮ ಎಂದು ತಿಳಿಸಿದರು. ಫೋನು ಇಡಲಿಲ್ಲ.

"ಉಮ್ಮ, ನಾನು ಹುಟ್ಟುವಾಗ ನಿಮಗೂ ಹೀಗೇ ಆಗಿತ್ತಾ? ತುಂಬಾ ಹೆದರಿದ್ದಿರಾ?"

ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು.

"ಅದನ್ನು ಯಾರೂ ಕೇಳಿರಲಿಲ್ಲ ಮೋನೇ," ಎಂದರು ಉಮ್ಮ.