ಹಸಿರು ಪಡೆಯ ಕೈಗೆ ಸಿಕ್ಕ ಟಾಕಿ

‘ಪರಿಸರ ಉಳಿಸಿ’ ಎಂದು ಪಾಠ ಹೇಳಿದರೆ ಮಕ್ಕಳು ಸಾಮಾನ್ಯವಾಗಿ ಬರೆದುಕೊಂಡು ಮರೆತುಬಿಡುತ್ತಾರೆ. ಮಾಸ್ತರನಿಗೂ ಅದೇ ಆರಾಮ. ನಮ್ಮ ಮಕ್ಕಳು ಮಾತ್ರ ಪಾಠವನ್ನು ನಿಜವೆಂದು ನಂಬಿ ಕೆಲಸಕ್ಕೆ ಇಳಿಯುತ್ತಾರೆ. ಹೀಗಾಗಿ ನಮ್ಮಲ್ಲಿ ಫಜೀತಿಗೆ ಬರಗಾಲವೆಂಬುದಿಲ್ಲ.

ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಶಾಲೆಯ ಬೋರಿನ ನೀರು ಸವಳು; ಹಾಕಿದರೆ ಸಸಿಗಳು ಹಳದಿಯಾಗಿ ಒಣಗುತ್ತವೆ. ಅದಕ್ಕೇ ಶಾಲೆಯ ಮಾಳಿಗೆಯ ಮೇಲೆ ಬಿದ್ದ ಮಳೆನೀರು ಹಿಡಿಯಬೇಕೆಂದು ಮಕ್ಕಳ ಹಸಿರು ಪಡೆ ಹಟ ಹಿಡಿಯಿತು. ಪಡೆಯ ಲೀಡರ್ ಒಂಬತ್ತನೆಯ ತರಗತಿಯ ಹುಡುಗಿ. ಆಕೆ ನೆಟ್ಟಗೆ ಶಾಲಾ ಸಮಿತಿಯ ಅಧ್ಯಕ್ಷರ ಮನೆಗೆ ಹೋಗಿ, ಅವರು ಹೊಲಕ್ಕೆಂದು ತಂದಿಟ್ಟಿದ್ದ ದೊಡ್ಡ ಕರಿ ನೀರಿನ ಟಾಕಿಯನ್ನೇ ಕೇಳಿಬಿಟ್ಟಳು.

ಅಧ್ಯಕ್ಷರು ಕರಾರು ಹಾಕಿದರು: “ಜೂನ್ ಮುಗಿಯೂದ್ರಾಗ ಮಳಿನೀರಿನಿಂದ ತುಂಬಿದ್ರ ಸಾಲಿಗಿ ಬಿಡ್ತೀನಿ. ತುಂಬಲಿಲ್ಲಂದ್ರ ಹೊಳ್ಳಿ ನನ್ನ ಹೊಲಕ್ಕ ಒಯ್ಯಾಂವ.”

ಅಲ್ಲಿಂದ ಶುರುವಾಯಿತು.

ಸ್ವಚ್ಛತೆ ಜಾಸ್ತಿಯಾದದ್ದು

ಮಳೆ ಬರುವವರೆಗೆ ಸಸಿ ಬದುಕಬೇಕಲ್ಲ? ಊಟದ ಕೈ ತೊಳೆಯಲು ಮಾತ್ರ ನಮಗೆ ಕೆರೆಯ ಸಿಹಿನೀರು ನಳದಲ್ಲಿ ಬರುತ್ತದೆ. ಮಕ್ಕಳು ನಳದ ಕಟ್ಟೆಯಿಂದ ಬೇವಿನ ಸಸಿಗಳವರೆಗೆ ಕಾಲುವೆ ತೋಡಿದರು. ಕೈ ತೊಳೆದ ನೀರು ಹರಿದು ಬುಡಕ್ಕೆ ಬೀಳುವುದನ್ನು ನೋಡಿ ನನಗೆ ಎದೆ ಉಬ್ಬಿತು.

ವಾರದೊಳಗೆ ಹೆಡ್‌ಮಾಸ್ತರರು ನನ್ನನ್ನು ಕರೆದರು. “ಸರ, ನಿಮ್ಮ ನೀರು ಉಳಿಸೋ ಯೋಜನೆ ಬಂದಾಗಿಂದ ನೀರು ಲಗೂನ ಖಾಲಿ ಆಗಾಕತ್ತೈತಲ್ರಿ?”

ಹೋಗಿ ನೋಡಿದೆ. ಊಟಕ್ಕೆ ಇನ್ನೂ ಗಂಟೆಯೇ ಹೊಡೆದಿಲ್ಲ; ಕೈ ತೊಳೆಯಲು ಸಾಲು ಹಚ್ಚಿದ್ದಾರೆ!

“ಊಟಾನ ಮಾಡಿಲ್ಲಲ್ರೋ?”

“ಕಡೀ ಸಸಿಗಿ ನೀರು ಮುಟ್ಟವಲ್ದುರಿ ಸರ. ಅದು ಮುಟ್ಟೂತನಾ ತೊಳಕೊಂತೀವಿ!”

ಸಂತೆಗೆ ಹೋದ ಧೋತರ

ಟಾಕಿ ಬಂತು, ಮಾಳಿಗೆಯಿಂದ ನೀರು ಇಳಿಸಲು ಪೈಪಿಲ್ಲ. ಪಕ್ಕದ ಗುಡಗೇರಿಯಲ್ಲಿ ಹಳೇ ಸಾಮಾನು, ಸಂತೆಯ ದಿನ ಕಾಯಿಪಲ್ಲೆಯನ್ನೂ ಮಾರುವ ಅಂಗಡಿಯವರು, “ಗಿರಾಕಿಗೆ ಕೊಡಾಕ ಬಟ್ಟಿ ಚೀಲ ಹೊಲಕೊಂಡು ಬರ್ರಿ, ಪೈಪ್ ಕೊಡ್ತೀನಿ” ಎಂದರು. ಪ್ಲಾಸ್ಟಿಕ್ಕೂ ತಪ್ಪಿತು, ಪೈಪೂ ಸಿಕ್ಕಿತು ಎಂದು ಮಕ್ಕಳು ಮನೆಮನೆಯಿಂದ ಹಳೇ ಬಟ್ಟೆ ತಂದು ಹೊಲಿದೇ ಹೊಲಿದರು.

ಸಂತೆಯ ದಿನ ಚೀಲ ಕೊಟ್ಟು ಪೈಪು ಪಡೆದೆವು. ನಮ್ಮ ಕಣ್ಣೆದುರೇ ಜನ ಆ ಚೀಲಗಳಲ್ಲಿ ಬದನೆಕಾಯಿ, ಉಳ್ಳಾಗಡ್ಡಿ ತುಂಬಿಕೊಂಡು ಹೊರಟಿದ್ದರು. ಅಷ್ಟರಲ್ಲಿ ಅಧ್ಯಕ್ಷರ ವಯಸ್ಸಾದ ತಂದೆ ಎದುರಾದರು. ಒಂದು ಚೀಲ ನೋಡಿದರು, ಇನ್ನೊಂದು ನೋಡಿದರು, ಕೆಂಪು ಅಂಚು ಹಿಡಿದು ನೋಡಿದರು.

“ಇದು ನನ್ನ ಧೋತರ ಅಲ್ಲೇನೋ?”

ಅವರ ಮೊಮ್ಮಗನೂ ನಮ್ಮ ಪಡೆಯವನೇ. ಹಗ್ಗದ ಮೇಲೆ ಒಣಹಾಕಿದ್ದನ್ನು ಹಳೇದೆಂದು ಎತ್ತಿಕೊಂಡು ಬಂದಿದ್ದ. ಈಗ ನನ್ನ ಬೆನ್ನ ಹಿಂದೆ ಅಡಗಿದ್ದ. ಬೈಗುಳಕ್ಕೆ ನಾನೂ ತಯಾರಾದೆ. ಅಜ್ಜ ಮಾತ್ರ ಸಂತೆಯೊಳಗೆ ಓಡಿ ಎಲ್ಲರಿಗೂ ಕೈಮುಗಿದರು.

“ಯಪ್ಪಾ, ಉಳ್ಳಾಗಡ್ಡಿ ಬೇಕಾದಷ್ಟು ತುಂಬ್ರಿ. ಮೆಣಸಿನಕಾಯಿ ಅಷ್ಟ ತುಂಬಬ್ಯಾಡ್ರಿ, ನಾಳಿ ಬಿಚ್ಚಿಸಿ ಉಡೂದೈತಿ!”

ನೀರು ಉಳಿಸಿ ಜಾಥಾ

ಜೂನ್ ಅರ್ಧ ಕಳೆದರೂ ಹನಿ ಇಲ್ಲ. ಅಧ್ಯಕ್ಷರು ಶಾಲೆಯ ಮುಂದೆ ಹಾಯುವಾಗಲೆಲ್ಲ ಟಾಕಿಯ ಮೇಲೆ ಕಣ್ಣು ಹಾಯಿಸತೊಡಗಿದರು. ಕೈಕಟ್ಟಿ ಕೂಡುವುದೇಕೆ, ಮನೆಮನೆಗೂ ಮಳೆನೀರಿನ ವಿಚಾರ ಹೇಳೋಣವೆಂದು ಮಕ್ಕಳು ಜಾಥಾ ಹೊರಟರು. ಲೀಡರ್ ತಲೆಯ ಮೇಲೆ ತಗಡು. ಅದರ ಮೇಲೆ ಮಣ್ಣಿನ ಪುಟ್ಟ ಶಾಲೆ. ಅಂದಕ್ಕೆಂದು ಸುತ್ತ ಗರಿಕೆ.

ನಮ್ಮ ಕಡೆ ಮಳೆ ಹೋದರೆ ಗುರ್ಜಿ ಆಡುತ್ತಾರೆ. ಹಂಚಿನ ಮೇಲೆ ಸಗಣಿಯ ಪುಟ್ಟ ಗುರ್ಜಿ ಬೊಂಬೆ ಮಾಡಿ, ಗರಿಕೆ ಸಿಕ್ಕಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಮನೆಯವರು ಅದರ ಮೇಲೆ ಕೊಡ ನೀರು ಸುರಿದು, ಹೊತ್ತವರನ್ನು ಗರಗರ ತಿರುಗಿಸಿ, ಜೋಳದ ಹಿಟ್ಟು ನೀಡುತ್ತಾರೆ. ಇದು ನನಗೆ ಹೊಳೆಯುವ ಮೊದಲೇ ಮೊದಲ ಮನೆಯ ಅಜ್ಜಿಗೆ ಹೊಳೆದಿತ್ತು. “ನೀರು ಉಳಿಸಿ!” ಎಂದು ಮಕ್ಕಳು ಕೂಗುತ್ತಿದ್ದಂತೆ ಲೀಡರ್ ತಲೆಯ ಮೇಲೆ ತುಂಬಿದ ಕೊಡದ ನೀರು ದಬಕ್ಕನೆ ಬಿತ್ತು.

“ಅಜ್ಜೀ, ನೀರು ಉಳಸ್ರಿ ಅಂತ ಹೇಳಾಕ ಬಂದೀವ್ರಿ!”

“ಹೇಳೂದು ಆಮ್ಯಾಲೆ ಹೇಳವಾ. ಮೊದಲ ಗರಗರ ತಿರಗು, ಮಳಿ ಬರ್ಲಿ!”

ಓಣಿ ಮುಗಿಯುವಷ್ಟರಲ್ಲಿ ಮಣ್ಣಿನ ಶಾಲೆ ಕರಗಿಹೋಗಿತ್ತು. ಹುಡುಗಿ ತೊಯ್ದು ತಪ್ಪಡಿಯಾಗಿದ್ದಳು. ಆದರೂ ಪ್ರತಿ ಮನೆಯಲ್ಲೂ ಒಂದು ಸುತ್ತು ತಿರುಗಿ, ಹಿಟ್ಟು ಇಸಿದುಕೊಂಡು, ಮಳೆನೀರಿನ ಮಾತನ್ನು ಪೂರ್ತಿ ಹೇಳಿಯೇ ಬಂದಳು. ಇಂಥವಳಿಗೆ ಪಾಠ ಹೇಳುತ್ತೇನೆಂಬ ಜಂಬ ನನಗೆ ಇವತ್ತಿಗೂ ಇದೆ. ಮರುದಿನ ಅಡುಗೆಯ ಅಕ್ಕ ಆ ಹಿಟ್ಟಿನಲ್ಲಿ ರೊಟ್ಟಿ ಬಡಿದು ಕೊಡುತ್ತ ಕೇಳಿದರು: “ಸರ, ಇನ್ನ ಜಾಥಾ ಯಾವಾಗ್ರಿ?”

ಟಾಕಿ ಯಾರದು?

ಜೂನಿನ ಕಡೆಯ ದಿನ. ಟಾಕಿ ಒಣಒಣ. ಸಾಯಂಕಾಲ ಅಧ್ಯಕ್ಷರು ಟ್ರ್ಯಾಕ್ಟರ್ ತಂದು ಬಯಲಿನಲ್ಲಿ ನಿಲ್ಲಿಸಿದರು. ಮಕ್ಕಳ ಮುಖ ನೋಡಲಾಗದೆ ನಾನು ಪಡುವಣದ ಕಡೆ ನೋಡಿದೆ. ಮೋಡ ಕಪ್ಪಿಟ್ಟಿತ್ತು.

“ಕಾಕಾ, ಇವತ್ತಿನ ದಿನ ಇನ್ನೂ ಮುಗಿದಿಲ್ರಿ,” ಎಂದಳು ಲೀಡರ್.

ಟಾಕಿ ಕಟ್ಟಲು ತಂದ ಹಗ್ಗವನ್ನು ಅಧ್ಯಕ್ಷರು ಬಿಚ್ಚುವಷ್ಟರಲ್ಲಿ ಮಳೆ ಬಂತು. ಬಂತು ಎಂದರೆ ಅಂತಿಂಥ ಮಳೆಯಲ್ಲ. ಎಲ್ಲರೂ ವರಾಂಡಕ್ಕೆ ಓಡಿದೆವು. ಪೈಪಿನಿಂದ ನೀರು ಟಾಕಿಗೆ ಧೋ ಎಂದು ಬೀಳುವ ಸಪ್ಪಳ ಕೇಳಿ ಮಕ್ಕಳು ಕುಣಿದರು. ನಾನೂ ಕುಣಿದೆ, ಹೆಡ್‌ಮಾಸ್ತರರೂ ಕುಣಿದರೆಂದು ಆಮೇಲೆ ತಿಳಿಯಿತು. ಮಳೆ ನಿಲ್ಲುವ ಹೊತ್ತಿಗೆ ಟಾಕಿ ತುಂಬಿ ಹೊರಚೆಲ್ಲುತ್ತಿತ್ತು.

ಅಧ್ಯಕ್ಷರು ಟ್ರ್ಯಾಕ್ಟರ್ ಹತ್ತಿ ಚಾಲೂ ಮಾಡಿದರು. ನಮ್ಮದು ಎರೆಮಣ್ಣು. ಗಾಲಿ ತಿರುಗಿದಷ್ಟೂ ಒಳಗೇ ಇಳಿಯಿತು. ಮಕ್ಕಳು ಕೇಳದೆಯೇ ಓಡಿಹೋಗಿ ಗೋಣಿಚೀಲ, ಕಲ್ಲು ಹೊತ್ತು ತಂದರು. ಗಾಲಿಯಡಿ ಕೊಡಬೇಕೆನ್ನುವಷ್ಟರಲ್ಲಿ ಲೀಡರ್ ಕೈ ಅಡ್ಡ ಹಿಡಿದಳು.

“ಕಾಕಾ, ಮೊದಲ ಹೇಳ್ರಿ. ಟಾಕಿ ಯಾರದು?”

ಅಧ್ಯಕ್ಷರು ತುಂಬಿದ ಟಾಕಿ ನೋಡಿದರು, ಹೂತ ಗಾಲಿ ನೋಡಿದರು, ಕಲ್ಲು ಹೊತ್ತು ನಿಂತ ಪಡೆಯನ್ನು ನೋಡಿದರು. ಸ್ಟೇರಿಂಗ್ ಬಿಟ್ಟು ಎರಡೂ ಕೈ ಮುಗಿದರು.

“ಟಾಕಿ ನಿಮ್ಮದ ನಮ್ಮವ್ವ! ನನ್ನ ಟ್ರ್ಯಾಕ್ಟರ್ ಆದ್ರೂ ಹೊಳ್ಳಿ ಕೊಡ್ರಿ!”