ಅಜ್ಜ ಹಂಚಿದ ಬಟಾಣಿ

ವರ್ತಕರ ಸಂಘಕ್ಕೆ ಐವತ್ತು ವರ್ಷ ತುಂಬಿದ ನೆನಪಿಗೆ ಒಂದು ಪುಸ್ತಕ ತರುವುದೆಂದು ತೀರ್ಮಾನವಾಯಿತು. ಒಂದೊಂದು ಅಂಗಡಿಗೆ ಒಂದೊಂದು ಪುಟ, ಆ ಪುಟದಲ್ಲಿ ಆ ಮನೆತನದ ಚರಿತ್ರೆ. ಬರೆಯುವ ಹೊಣೆ ನಿವೃತ್ತ ಮೇಷ್ಟ್ರದ್ದು. ಅವರು ಬೀಜದಂಗಡಿಯ ಸ್ಟೂಲಿನ ಮೇಲೆ ಕೂತು, ಪಕ್ಕದ ಕಬ್ಬಿಣದಂಗಡಿಯವನ ಮುತ್ತಜ್ಜ ಊರಿನ ಸೇತುವೆಗೆ ಮೊಳೆ ಒದಗಿಸಿದವನಂತೆ ಎಂದು ಹೇಳದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಬೀಜದಂಗಡಿಯ ಯಜಮಾನನನ್ನು ಊರೆಲ್ಲ ಬಟಾಣಿಯಣ್ಣ ಎಂದೇ ಕರೆಯುತ್ತಿತ್ತು. ಬೆಳಿಗ್ಗೆ ಹತ್ತರವರೆಗೆ ಅವನು ಹೊಳೆಯಂಚಿನ ಹೊಲದಲ್ಲಿ ಬಟಾಣಿ ಬೆಳೆಯುವ ರೈತ. ಹತ್ತರ ಮೇಲೆ ಕಾಲಿನ ಕೆಸರು ತೊಳೆದು ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ವ್ಯಾಪಾರಿ. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅದಕ್ಕೇ ಹೇಳುವ ಹೊತ್ತಿಗೆ ಅಳತೆ ತಪ್ಪಿತು. ಹೊಳೆ ಉಕ್ಕಿ ಬಿತ್ತಿದ್ದೆಲ್ಲ ಕೊಚ್ಚಿಹೋದ ವರ್ಷ ತನ್ನ ಅಜ್ಜ ಊರಿನ ಮನೆಮನೆಗೂ ಹೋಗಿ ಸೇರು ಸೇರು ಬಿತ್ತನೆ ಬಟಾಣಿ ಪುಕ್ಕಟೆ ಕೊಟ್ಟನೆಂದು ಬರೆಸಿಬಿಟ್ಟ. ಕೇಳಿ ಮೇಷ್ಟ್ರ ಕಣ್ಣು ಒದ್ದೆಯಾಯಿತು. ಹೇಳಿದವನ ಬೆನ್ನು ಒದ್ದೆಯಾಯಿತು.

ಅಜ್ಜನ ನಿಜವಾದ ಚರಿತ್ರೆ ಅವನಿಗೆ ಗೊತ್ತಿತ್ತು. ಎಂಟು ವರ್ಷದ ಹುಡುಗನಾಗಿದ್ದಾಗ ಅಪ್ಪನೇ ಹೇಳಿದ್ದ. ಹಿಂದೆ ಇದ್ದ ಊರಿನಲ್ಲಿ ಅಜ್ಜ ಹುಳ ಹಿಡಿದ ಹಳೇ ಬಟಾಣಿಗೆ ಹಸಿರು ಬಣ್ಣ ಹಚ್ಚಿ ಬಿತ್ತನೆ ಬೀಜವೆಂದು ಮಾರಿದ. ಒಂದು ಹೊಲದಲ್ಲೂ ಮೊಳಕೆ ಏಳಲಿಲ್ಲ. ಆರು ತಿಂಗಳು ಜೈಲಾಯಿತು. ಆಮೇಲೆ ಸಂಸಾರವೆಲ್ಲ ತಲೆ ತಗ್ಗಿಸಿಕೊಂಡು ಈ ಊರಿಗೆ ಬಂತು. ಹೆಂಡತಿಗೂ ಹೇಳದೆ ಬಟಾಣಿಯಣ್ಣ ಈ ಕತೆಯನ್ನು ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ನಲವತ್ತು ವರ್ಷ ಇಟ್ಟುಕೊಂಡಿದ್ದ.

ಪುಸ್ತಕ ಬಂದ ಮಾರನೆಯ ದಿನ ಸಂಜೆ ಸಂಘದ ಸಭೆಯಿತ್ತು. ಆ ಬೆಳಿಗ್ಗೆ, ಜ್ವರದಿಂದ ಮಲಗಿದ್ದ ಹತ್ತು ವರ್ಷದ ಮಗಳು ಆ ಪುಟವನ್ನು ಮೂರು ಸಲ ಗಟ್ಟಿಯಾಗಿ ಓದಿದಳು. ಮೂರನೆಯ ಸಲಕ್ಕೆ ಅವನು ಬೇಗನೆ ಅಂಗಡಿಗೆ ಹೊರಟ.

ಬಾಗಿಲು ತೆಗೆಯುತ್ತಲೇ ಒಬ್ಬ ಮುದುಕಿ ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಆ ಬಟಾಣಿ ತನಗೆ ಚೆನ್ನಾಗಿ ನೆನಪಿದೆಯಂತೆ. ಅಂಥ ಸಿಹಿ ಕಾಳು ಆಮೇಲೆ ತಿಂದೇ ಇಲ್ಲವಂತೆ. ಕೊಡದೇ ಇದ್ದ ಬಟಾಣಿಯ ರುಚಿ ಕೇಳಿ ಬಟಾಣಿಯಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳ ಹಿಂದೆಯೇ ಕ್ಷೌರಿಕ ಬಂದ. ಅವನ ಮುಖ ಗಂಟಿಕ್ಕಿತ್ತು.

"ನಮ್ಮಪ್ಪನ್ನ ಕೇಳ್ದೆ," ಅಂದ. "ನಮ್ಮನೆಗೆ ಒಂದು ಕಾಳೂ ಬಂದಿಲ್ವಂತೆ. ಊರಿಗೆಲ್ಲ ಕೊಟ್ಟು ನಮ್ಮ ಬಾಗಿಲು ಮಾತ್ರ ಯಾಕೆ ದಾಟಿಕೊಂಡು ಹೋದ್ರು ನಿಮ್ಮಜ್ಜ?"

ಬಟಾಣಿಯಣ್ಣ ತಡವರಿಸಿದ. ಬಹುಶಃ ಆವತ್ತು ನಿಮ್ಮ ಮನೆಗೆ ಬೀಗ ಹಾಕಿತ್ತೇನೋ ಅಂದ. ಬೀಗ ಹಾಕೋಕೆ ನಮ್ಮನೇಲಿ ಏನಿತ್ತು ಎಂದು ಕ್ಷೌರಿಕ ಇನ್ನಷ್ಟು ನೊಂದುಕೊಂಡ. ಸಮಾಧಾನ ಮಾಡಲು ಬೇರೆ ದಾರಿ ಕಾಣದೆ ಬಟಾಣಿಯಣ್ಣ ಅಜ್ಜನ ಪರವಾಗಿ ಕ್ಷಮೆ ಕೇಳಿ, ಒಂದು ಸೇರು ಬಟಾಣಿ ಅಳೆದು ಚೀಲಕ್ಕೆ ಹಾಕಿಕೊಟ್ಟ.

ಅದೇ ತಪ್ಪಾಯಿತು. ಬೆಲ್ಲಕ್ಕೆ ಇರುವೆ ಬಂದ ಹಾಗೆ, ಹನ್ನೆರಡು ಗಂಟೆಯೊಳಗೆ ಅಜ್ಜ ಮರೆತ ಮನೆಗಳವರೆಲ್ಲ ಅಂಗಡಿ ಮುಂದೆ ಸಾಲಾಗಿ ನಿಂತರು. ಹೋದ ವರ್ಷವಷ್ಟೇ ಊರಿಗೆ ಬಾಡಿಗೆಗೆ ಬಂದ ದರ್ಜಿ ಕೂಡ ನಿಂತಿದ್ದ. ಕಬ್ಬಿಣದಂಗಡಿಯವನು ಕಟ್ಟೆಯ ಮೇಲೆ ಕೂತು, ನೂಕಬೇಡಿ, ದೊಡ್ಡ ಮನೆತನ, ಎಲ್ಲರಿಗೂ ಸಿಗುತ್ತೆ ಎಂದು ಸಾಲು ಸರಿಮಾಡುತ್ತಿದ್ದ. ಮೂರು ಮೂಟೆ ಖಾಲಿಯಾದವು. ಪ್ರತಿಯೊಬ್ಬರೂ ಹೋಗುವಾಗ ಕೈ ಮುಗಿದರು. ಒಂದೊಂದು ನಮಸ್ಕಾರವೂ ಅವನಿಗೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು.

ನಾಲ್ಕು ಗಂಟೆಯ ಬಸ್ಸಿಗೆ ಸೋದರತ್ತೆ ಬಂದಿಳಿದಳು. ಎಂಬತ್ತು ದಾಟಿದ ಜೀವ, ಅಪ್ಪನ ಒಬ್ಬಳೇ ತಂಗಿ. ಮಂಕರಿಯಂಥ ಚೀಲದಿಂದ ಪುಸ್ತಕ ತೆಗೆದು, ಯಾರೋ ತಂದುಕೊಟ್ಟರು, ಓದಿಸಿಕೊಂಡು ಕೇಳಿದೆ, ಸಂಜೆ ಸಭೆಗೆ ನಾನೂ ಬರ್ತೀನಿ, ಎರಡು ಮಾತು ಹೇಳೋದಿದೆ ಎಂದಳು. ಬಟಾಣಿಯಣ್ಣನ ಜೀವ ಬಾಯಿಗೆ ಬಂತು. ಅಜ್ಜ ಜೈಲಿಗೆ ಹೋದದ್ದನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವವಳು ಅವಳೊಬ್ಬಳೇ. ಪ್ರಯಾಣದ ಆಯಾಸ ಅಂದ, ಹಾಲ್‌ನಲ್ಲಿ ಸೆಕೆ ಅಂದ, ಮೈಕ್ ಕೆಟ್ಟಿದೆ ಅಂದ. ಮೈಕ್ ಯಾಕೋ, ನನ್ನ ಗಂಟಲು ಸಾಕು ಎಂದು ಅತ್ತೆ ಕೋಲು ಊರಿಕೊಂಡು ಮುಂದೆ ನಡೆದಳು. ಮಗಳ ಜ್ವರಕ್ಕಾಗಿ ಹೆಂಡತಿ ಮನೆಯಲ್ಲೇ ಉಳಿದಳು. ಆ ಹೊತ್ತಿಗೆ ತನಗೂ ಜ್ವರ ಬರಬಾರದೇ ಎಂದು ಅವನಿಗನಿಸಿತು.

ಸಂಘದ ಹಾಲ್‌ನಲ್ಲಿ ಅವನಿಗೆ ವೇದಿಕೆಯ ನಡುವಿನ ಕುರ್ಚಿ. ಅತ್ತೆ ಮೊದಲ ಸಾಲಿನಲ್ಲಿ ಕ್ಷೌರಿಕನ ಪಕ್ಕ ಕೂತಳು. ಮೇಷ್ಟ್ರು ಅಜ್ಜನ ಔದಾರ್ಯವನ್ನು ಅರ್ಧ ಗಂಟೆ ವರ್ಣಿಸಿದರು. ಪುಸ್ತಕದಲ್ಲಿ ಸೇರಿನಲ್ಲಿದ್ದ ಬಟಾಣಿ ಭಾಷಣದಲ್ಲಿ ಮೂಟೆಯಾಗಿತ್ತು. ಮಾತು ಮುಗಿಯುತ್ತಲೇ ಅತ್ತೆ ಕೋಲು ಎತ್ತಿ, ನಾನೊಂದು ಮಾತು ಹೇಳಬೇಕು ಎಂದಳು.

ಅವಳ ಬಾಯಿಂದ ಬರುವ ಬದಲು ತನ್ನ ಬಾಯಿಂದಲೇ ಬರಲಿ ಎಂದು ಬಟಾಣಿಯಣ್ಣ ಎದ್ದುನಿಂತ.

"ಪುಸ್ತಕದಲ್ಲಿರೋದು ಸುಳ್ಳು," ಅಂದ. "ನಾನೇ ಬರೆಸಿದ್ದು. ನಮ್ಮಜ್ಜ ಯಾರಿಗೂ ಏನೂ ಕೊಟ್ಟೋರಲ್ಲ. ಬಣ್ಣ ಹಚ್ಚಿದ ಬಟಾಣಿ ಮಾರಿ ಜೈಲಿಗೆ ಹೋಗಿ ಬಂದೋರು."

ಬೆಳಿಗ್ಗೆ ಬಂದಿದ್ದ ಮುದುಕಿ, ಆ ಸಿಹಿ ಕಾಳಿನ ಮುದುಕಿ, ನೆಲ ನೋಡತೊಡಗಿದಳು. ಆದರೂ ಬಟಾಣಿಯಣ್ಣನ ಎದೆಯ ಮೇಲಿದ್ದ ಬಂಡೆ ಇಳಿದಂತಾಯಿತು. ಒಂದೇ ಒಂದು ಕ್ಷಣ.

ಅತ್ತೆ ಮೆಲ್ಲಗೆ ಎದ್ದಳು.

"ಇನ್ನೂ ಹಾಗಂತಲೇ ತಿಳ್ಕೊಂಡಿದ್ದೀಯೇನೋ?"

"ಅಪ್ಪನೇ ಹೇಳಿದ್ದು," ಅಂದ.

"ಬಣ್ಣ ಹಚ್ಚಿದ್ದು ನಮ್ಮಪ್ಪ ಅಲ್ಲ ಕಣೋ. ನಿಮ್ಮಪ್ಪ. ಇಪ್ಪತ್ತು ವರ್ಷದ ಬುದ್ಧಿ. ಜೈಲಿಗೆ ಹೋದೋನೂ ಅವನೇ. ನಮ್ಮಪ್ಪ ಇದ್ದ ಹೊಲ ಮಾರಿ, ಮೋಸ ಹೋದೋರ ಮನೆಮನೆಗೂ ಹೋಗಿ, ಒಳ್ಳೇ ಬೀಜ ಪುಕ್ಕಟೆ ಕೊಟ್ಟು ಕಾಲಿಗೆ ಬಿದ್ದು ಬಂದ. ನೀನು ಬರೆಸಿದ್ದು ಸರಿಯಾಗೇ ಇತ್ತು, ಊರೊಂದು ತಪ್ಪು. ಅದನ್ನ ಹೇಳಿ ನಿನ್ನ ಬೆನ್ನು ತಟ್ಟೋಣ ಅಂತ ಬಂದೆ ನಾನು."

ಎಲ್ಲರ ತಲೆಯೂ ಒಟ್ಟಿಗೆ ಕಿಟಕಿಯತ್ತ ತಿರುಗಿತು. ರಸ್ತೆಯಾಚೆ ಅಂಗಡಿಯ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿದ್ದದ್ದು ಅಪ್ಪನ ಹೆಸರು. ಕ್ಷೌರಿಕ ಕಾಲಬಳಿ ಇದ್ದ ಬೆಳಗಿನ ಬಟಾಣಿ ಚೀಲದ ಬಾಯಿ ಬಿಚ್ಚಿ, ಒಂದು ಕಾಳು ತೆಗೆದು, ಬೆರಳಿಗೆ ಉಗುಳು ಹಚ್ಚಿ ಉಜ್ಜಿ ನೋಡಿದ.

ಸಭೆ ಮುಗಿದ ಮೇಲೆ ಅತ್ತೆ, ಅಳಿಯ ಇಬ್ಬರೂ ಮನೆಯ ದಾರಿ ಹಿಡಿದರು. ಸತ್ತ ಅಜ್ಜನನ್ನು ತುಂಬಿದ ಸಭೆಯಲ್ಲಿ ಕಳ್ಳನೆಂದು ಕರೆದದ್ದಕ್ಕೆ ಅಳಬೇಕೋ, ಸತ್ತ ಅಪ್ಪ ಕಳ್ಳನಾದದ್ದಕ್ಕೆ ಅಳಬೇಕೋ ಬಟಾಣಿಯಣ್ಣನಿಗೆ ತಿಳಿಯಲಿಲ್ಲ. ಕೊನೆಗೆ, ಅಪ್ಪ ನನಗೆ ಯಾಕೆ ಹಾಗೆ ಹೇಳಿದ ಎಂದು ಕೇಳಿದ.

"ಆ ಊರು ಯಾಕೆ ಬಿಟ್ವಿ ಅಂತ ನೀನು ಕೇಳಿದ್ಯಂತೆ," ಅತ್ತೆ ಹೇಳಿದಳು. "ನಿನ್ನ ಮುಖ ನೋಡಿ 'ನಾನು' ಅನ್ನೋಕೆ ಬಾಯಿ ಬರಲಿಲ್ಲವಂತೆ. 'ಅಜ್ಜ' ಅಂತ ಬಂದುಬಿಡ್ತಂತೆ. ಆಮೇಲೆ ನನ್ನ ಹತ್ರ ಬಂದು ಮಗು ಥರ ಅತ್ತ. ನೀನು ದೊಡ್ಡವನಾದ್ಮೇಲೆ ನಿಜ ಹೇಳಿರ್ತಾನೆ ಅಂದ್ಕೊಂಡಿದ್ದೆ."

ಬಟಾಣಿಯಣ್ಣನಿಗೆ ಸಿಟ್ಟು ಬಂತು. ಎಂಟು ವರ್ಷದ ಮಗುವಿನ ಮುಂದೆ ನಿಜ ಹೇಳಲಾರದವನು ಎಂಥ ಅಪ್ಪ ಎಂದ. ಅತ್ತೆ ಕೋಲು ಊರಿಕೊಂಡು ನಡೆದಳು.

ಮನೆಗೆ ಬಂದಾಗ ಜ್ವರ ಬಿಟ್ಟು ಮಗಳು ಹಾಸಿಗೆಯಲ್ಲಿ ಕೂತಿದ್ದಳು. ಮಡಿಲಲ್ಲಿ ಆ ಪುಟ ತೆರೆದಿತ್ತು. ಸಭೆಯಿಂದ ಹೋಗುತ್ತಿದ್ದವರು ಕಿಟಕಿಯಾಚೆ ಇದೆಲ್ಲ ಸುಳ್ಳೆಂದು ಮಾತಾಡಿಕೊಂಡದ್ದು ಕೇಳಿಸಿತೆಂದಳು. ಹೌದೇನಪ್ಪ, ಯಾರು ಸುಳ್ಳು ಹೇಳಿದ್ದು ಎಂದು ಕೇಳಿದಳು.

ಅವಳ ಕಣ್ಣು ಅವನ ಮುಖದ ಮೇಲೇ ಇತ್ತು. ಬಟಾಣಿಯಣ್ಣ ಬಾಯಿ ತೆರೆದ.

"ಮೇಷ್ಟ್ರು ಕಣಮ್ಮ," ಅಂದ. "ಪಾಪ, ಅವರಿಗೆ ವಯಸ್ಸಾಯ್ತು ನೋಡು."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅತ್ತೆ ತಲೆಯೆತ್ತಿ ನೋಡಿದಳು. ಅವನು ಅವಳತ್ತ ತಿರುಗದೆ, ನೀರು ತರುತ್ತೇನೆಂದು ಅಡುಗೆಮನೆಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.